ಓದುಗರ ಪ್ರಶ್ನೆ: ಚಳಿಗೆ ಒಡೆಯುವ ಪೈಪು

ಗಡಿಯಾಚೆಯ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಹೆಚ್ಚಿನವು ನೀಲಗಿರಿಯವು. ಒಂದೆರಡು ಕಾಸರಗೋಡಿನವು, ಒಂದು ತಾಳವಾಡಿಯದು. ಒಂದೇ ವಿಷಯದವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮದು ತಾರಸಿ ಮನೆ. ಟ್ಯಾಂಕಿನಿಂದ ಅಡುಗೆಮನೆಗೆ ತಾರಸಿಯ ಮೇಲೆ, ಆಮೇಲೆ ಹೊರಗೋಡೆಯ ಮೇಲೆ ಅರ್ಧ ಇಂಚಿನ ಪಿವಿಸಿ ಪೈಪು ಬರುತ್ತದೆ, ಒಟ್ಟು 12 ಮೀಟರ್. ಹೋದ ಜನವರಿಯಲ್ಲಿ ಗೋಣಿಚೀಲ ಸುತ್ತಿದ್ದರೂ ಎಲ್ಬೋ (ಪೈಪು ತಿರುಗುವ ಮೂಲೆಯ ತುಂಡು) ಹತ್ತಿರ ಸೀಳಿತು. ಜಗಲಿಯ ಥರ್ಮಾಮೀಟರು ಅವತ್ತು 2 ಡಿಗ್ರಿಗಿಂತ ಕೆಳಗೆ ಇಳಿದಿರಲಿಲ್ಲ. ಹಾಗಾದರೆ ನೀರು ಮಂಜುಗಡ್ಡೆಯಾದದ್ದು ಹೇಗೆ?
— ತಲೈಕುಂದ, ನೀಲಗಿರಿ

ಜಗಲಿಯ ಥರ್ಮಾಮೀಟರಿಗೆ ಮೇಲೆ ಸೂರು ಇದೆ, ನಿಮ್ಮ ಪೈಪಿಗೆ ಇಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಪ್ರತಿ ವಸ್ತುವೂ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಹೆಚ್ಚೇ ತಣ್ಣಗಾಗುತ್ತದೆ. ಮನೆಯೊಳಗೆ ಸುಮಾರಾದ ಚಳಿ ಇರುವಾಗಲೇ ಹೊರಗೆ ನಿಂತ ಕಾರಿನ ಮೇಲೆ, ಹುಲ್ಲಿನ ಮೇಲೆ ಬಿಳಿ ಹಿಮ ಕೂತಿರುವುದು ಇದೇ ಕಾರಣಕ್ಕೆ. ಜೊತೆಗೆ ತಣ್ಣಗಿನ ಗಾಳಿ ಭಾರ. ಗುಡ್ಡದಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ತಲೈಕುಂದ, ಸ್ಯಾಂಡಿನಲ್ಲ, ಅವಲಾಂಚಿಯಂಥ ಕಣಿವೆಗಳಲ್ಲಿ ಊಟಿ ಪೇಟೆಗಿಂತ ಹಿಮ ಜಾಸ್ತಿ ಬೀಳುವುದಕ್ಕೆ ಅದೂ ಕಾರಣ.

ಗೋಣಿಯದು ಬೇರೆ ಕತೆ. ಒಣಗಿದ ಗೋಣಿ ಶಾಖ ತಡೆಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಸಂಜೆ ಇಬ್ಬನಿಗೆ ಅದು ನೆನೆಯಿತೆಂದರೆ ಗಾಳಿಯ ಜಾಗದಲ್ಲಿ ನೀರು ಕೂರುತ್ತದೆ, ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಸಾಗಿಸುತ್ತದೆ. ಒದ್ದೆ ಗೋಣಿ ಸುತ್ತುವುದಕ್ಕಿಂತ ಬರಿಯ ಪೈಪೇ ವಾಸಿ ಎಂದರೂ ತಪ್ಪಿಲ್ಲ.

ಇನ್ನು ಎಲ್ಬೋ ಹತ್ತಿರವೇ ಏಕೆ? ನೀರು ಗಡ್ಡೆಯಾಗುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ತಾರಸಿಯ ಮೇಲಿನ ಭಾಗದಲ್ಲಿ ಮೊದಲು ಗಡ್ಡೆ ಕಟ್ಟಿ ಬಿರಡೆಯಾಗುತ್ತದೆ. ಕೆಳಗೆ ನಲ್ಲಿ ಮುಚ್ಚಿದೆ. ಗಡ್ಡೆ ಬೆಳೆದಂತೆಲ್ಲ ನಡುವೆ ಸಿಕ್ಕಿಬಿದ್ದ, ಇನ್ನೂ ಗಡ್ಡೆಯಾಗದ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡ ಏರುತ್ತ ಏರುತ್ತ ಅತಿ ದುರ್ಬಲ ಜಾಗದಲ್ಲಿ ಒಡೆಯುತ್ತದೆ. ಆದ್ದರಿಂದ ಒಡೆದ ಜಾಗವೇ ಗಡ್ಡೆ ಕಟ್ಟಿದ ಜಾಗ ಎಂದು ತಿಳಿದು ಅಲ್ಲಿಗೆ ಮಾತ್ರ ಹೊದಿಕೆ ಹಾಕಿದರೆ ಮುಂದಿನ ವರ್ಷ ಇನ್ನೊಂದು ಎಲ್ಬೋ ಹೋಗುತ್ತದೆ. ಪಿವಿಸಿ ಚಳಿಯಲ್ಲಿ ಗಾಜಿನ ಗುಣಕ್ಕೆ ಬರುತ್ತದೆ, ಬಿಸಿಲಿಗೆ ಹಳತಾಗಿದ್ದರಂತೂ ಕೇಳುವುದೇ ಬೇಡ. ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗಿ ತಾಳಿಕೊಳ್ಳುತ್ತದೆ.

ಈಗ ಪರಿಹಾರ. ಹೊದಿಕೆ ಶಾಖ ಕೊಡುವುದಿಲ್ಲ, ಸಮಯ ಕೊಡುತ್ತದೆ. ಅರ್ಧ ಇಂಚಿನ ಪೈಪು ಒಂದು ಮೀಟರಿಗೆ ಹಿಡಿಯುವ ನೀರು ಸುಮಾರು 180 ಮಿಲಿಲೀಟರ್, ಒಂದು ಲೋಟದಷ್ಟು. ನೀರು 8 ಡಿಗ್ರಿ, ಹೊರಗಿನ ಗಾಳಿ ಸೊನ್ನೆಗಿಂತ 2 ಡಿಗ್ರಿ ಕೆಳಗೆ ಎಂದಿಟ್ಟು ಲೆಕ್ಕ ಹಾಕಿದರೆ, ಆಕಾಶಕ್ಕೆ ತೆರೆದ ಬರಿಯ ಪೈಪಿನ ನೀರು ಅರ್ಧ ಗಂಟೆಯ ಆಸುಪಾಸಿನಲ್ಲಿ ಸೊನ್ನೆಗೆ ಇಳಿಯುತ್ತದೆ, ನಾಲ್ಕೈದು ಗಂಟೆಯಲ್ಲಿ ಪೂರ್ತಿ ಗಡ್ಡೆಯಾಗಬಲ್ಲದು. ಪೈಪು ಕಟ್ಟಿಕೊಳ್ಳಲು ಅಷ್ಟೂ ಬೇಕಿಲ್ಲ. ಅದೇ ಪೈಪಿಗೆ 19 ಮಿಲಿಮೀಟರ್ ದಪ್ಪದ ನೈಟ್ರೈಲ್ ರಬ್ಬರ್ ಫೋಮ್ ತೊಡಿಸಿದರೆ ಪೂರ್ತಿ ಗಡ್ಡೆಯಾಗಲು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕು. ನೀಲಗಿರಿಯಲ್ಲಿ ಸೊನ್ನೆಗಿಂತ ಕೆಳಗಿನ ಹೊತ್ತು ಬೆಳಗಿನ ಜಾವದ ಕೆಲವೇ ಗಂಟೆ. ಬಿಸಿಲು ಬಿದ್ದರೆ ಮುಗಿಯಿತು. ಹಾಗಾಗಿ ಅಲ್ಲಿ ಒಳ್ಳೆಯ ಹೊದಿಕೆಯೊಂದೇ ಸಾಕು. ವಾರಗಟ್ಟಲೆ ಸೊನ್ನೆಗಿಂತ ಕೆಳಗಿರುವ ಲಡಾಖಿನಲ್ಲಿ ಅದೇ ಹೊದಿಕೆ ಪ್ರಯೋಜನಕ್ಕೆ ಬಾರದು.

ಫೋಮ್ ಕೊಳ್ಳುವಾಗ ಪೈಪಿನ ಹೊರ ಅಳತೆ ಹೇಳಿ ಕೊಳ್ಳಿ. ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಹೊರವ್ಯಾಸ ಸುಮಾರು 21 ಮಿಲಿಮೀಟರ್, ಅರ್ಧ ಇಂಚಿನ ಸಿಪಿವಿಸಿಯದು (ಬಿಸಿನೀರಿನ ಪ್ಲಾಸ್ಟಿಕ್ ಪೈಪು) ಸುಮಾರು 16. ‘ಅರ್ಧ ಇಂಚು’ ಎಂದಷ್ಟೇ ಹೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ, ಸಡಿಲಾದ ಹೊದಿಕೆಯ ಸಂದಿನಲ್ಲಿ ತಣ್ಣಗಾಳಿ ಓಡಾಡುತ್ತದೆ. ಫೋಮಿನ ಸೀಳು ಕೆಳಮುಖವಾಗಿರಲಿ, ಅಂಟು ಹಚ್ಚಿ ಮುಚ್ಚಿ. ಎರಡು ತುಂಡುಗಳನ್ನು ಒಂದಕ್ಕೊಂದು ಒತ್ತಿ ಕೂಡಿಸಿ. ಎಳೆದು ಕೂಡಿಸಿದರೆ ಚಳಿಗೆ ಕುಗ್ಗಿ ಬೆರಳಗಲ ಬಾಯಿ ಬಿಡುತ್ತದೆ. ಎಲ್ಬೋಗೆ 45 ಡಿಗ್ರಿಯಲ್ಲಿ ಕತ್ತರಿಸಿ ಹೊಂದಿಸಿ. ಕ್ಲ್ಯಾಂಪು ಪೈಪಿನ ಮೇಲಲ್ಲ, ಫೋಮಿನ ಹೊರಗೆ ಬರಬೇಕು. ಮೇಲೆ ಅಲ್ಯೂಮಿನಿಯಂ ಟೇಪು ಸುತ್ತದಿದ್ದರೆ ಬೆಟ್ಟದ ಬಿಸಿಲಿಗೆ ಫೋಮ್ ಬೇಗ ಬಿರಿಯುತ್ತದೆ. ಬಹುಪಾಲು ಜನ ಪೈಪಿಗೆಲ್ಲ ಹೊದಿಸಿ ವಾಲ್ವನ್ನೂ ನಲ್ಲಿಯನ್ನೂ ಬರಿದಾಗಿ ಬಿಡುತ್ತಾರೆ. ಹಿತ್ತಾಳೆ ಶಾಖವನ್ನು ಬೇಗ ಬಿಟ್ಟುಕೊಡುವ ಲೋಹ, ಚಳಿ ಒಳಗೆ ಹೋಗುವುದು ಆ ಬಾಗಿಲಿನಿಂದಲೇ.

ಇದಕ್ಕಿಂತ ಅಗ್ಗದ, ನಮ್ಮ ಮಟ್ಟಿಗೆ ಇದಕ್ಕಿಂತ ನಂಬಬಹುದಾದ ದಾರಿ ಒಂದಿದೆ: ರಾತ್ರಿ ಪೈಪು ಖಾಲಿ ಮಾಡುವುದು. 12 ಮೀಟರ್ ಪೈಪಿನಲ್ಲಿರುವುದು ಎರಡು ಲೀಟರಿನ ಸುತ್ತಮುತ್ತ, ಒಂದು ಕೊಡವೂ ಆಗದು. ಟ್ಯಾಂಕಿನ ಬುಡದಲ್ಲೇ ಒಂದು ವಾಲ್ವ್, ಅದರ ಮುಂದೆಯೇ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಗಾಳಿ ಪೈಪು, ಪೈಪಿನ ಅತಿ ತಗ್ಗಿನಲ್ಲಿ ನೀರು ಇಳಿಸಲು ಒಂದು ಕಾಕ್ (ನಲ್ಲಿ). ಮಲಗುವಾಗ ಮೇಲಿನ ವಾಲ್ವ್ ಮುಚ್ಚಿ ಕೆಳಗಿನ ಕಾಕ್ ತೆರೆದರೆ ಆಯಿತು. ಗಾಳಿ ಪೈಪು ಇಲ್ಲದಿದ್ದರೆ ಸ್ಟ್ರಾದ ತುದಿಗೆ ಬೆರಳಿಟ್ಟಂತೆ ನೀರು ಒಳಗೇ ನಿಲ್ಲುತ್ತದೆ. ತಾರಸಿಯ ಮೇಲಿನ ಓಟಕ್ಕೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು, ಎರಡು ಅಡಿಗೊಂದು ಕ್ಲ್ಯಾಂಪು ಕೊಡಿ. ಪೈಪು ಜೋತುಬಿದ್ದ ಕಡೆ ನೀರು ಉಳಿದರೆ ಅಲ್ಲೇ ಸೀಳುತ್ತದೆ. ಬಯಲಿನಲ್ಲಿರುವುದು ಬಾಲ್ ವಾಲ್ವ್ ಆದರೆ ಒಂದು ಎಚ್ಚರ: ಮುಚ್ಚಿದ ಬಾಲ್ ವಾಲ್ವಿನ ಗುಂಡಿನ ಒಳಗೆ ಸ್ವಲ್ಪ ನೀರು ಸಿಕ್ಕಿರುತ್ತದೆ. ಕೆಳಗಿನ ಕಾಕ್ ಬಾಲ್ ವಾಲ್ವೇ ಆಗಿದ್ದರೆ ನೀರು ಹೋದ ಮೇಲೆ ಹಿಡಿಯನ್ನು ಅರ್ಧಕ್ಕೆ ತಂದು ಬಿಡಿ. ಮೇಲಿನದಕ್ಕೆ ಹಾಗೆ ಮಾಡಲಾಗದು, ಅದಕ್ಕೆ ಫೋಮ್ ಸುತ್ತಲೇಬೇಕು.

ರಾತ್ರಿಯಿಡೀ ನಲ್ಲಿಯನ್ನು ಸಣ್ಣಗೆ ಬಿಡುವ ಪದ್ಧತಿಯೂ ಇದೆ. ಹರಿವ ನೀರು ಬೇಗ ಕಟ್ಟುವುದಿಲ್ಲ, ಒತ್ತಡವೂ ಏರುವುದಿಲ್ಲ, ನಿಜ. ಆದರೆ ನಿಮಿಷಕ್ಕೆ 100 ಮಿಲಿಲೀಟರ್ ಎಂದರೂ 10 ಗಂಟೆಗೆ 60 ಲೀಟರ್ ಆಯಿತು. ಬೇಸಿಗೆಯಲ್ಲಿ ಲಾರಿ ನೀರಿಗೆ ಕಾಯುವ ಮನೆಗೆ ಇದನ್ನು ಹೇಳಲು ಮನಸ್ಸು ಬರುವುದಿಲ್ಲ.

ಟ್ಯಾಂಕಿನ ಚಿಂತೆ ಬೇಡ. 1,000 ಲೀಟರ್ ನೀರು ನೀಲಗಿರಿಯ ಒಂದು ರಾತ್ರಿಗೆ ಗಡ್ಡೆಯಾಗುವುದಿಲ್ಲ; ಹೆಚ್ಚೆಂದರೆ ಮೇಲೆ ತೆಳ್ಳಗೆ ಹಪ್ಪಳದಂತೆ ಕಟ್ಟೀತು. ಫ್ಲೋಟ್ ವಾಲ್ವಿಗೆ ಬರುವ ಪೈಪನ್ನು ಮಾತ್ರ ಮರೆಯಬೇಡಿ.

ತಾಳವಾಡಿಯಲ್ಲೂ ಡಿಸೆಂಬರಿನಲ್ಲಿ ನಡುಗುವ ಚಳಿ. ನಮ್ಮ ಮನೆಯ ಪೈಪೂ ಎರಡು ಸಲ ಒಡೆದಿದೆ. ಫೋಮ್ ಹಾಕಿಸಲೇ?
— ತಾಳವಾಡಿ, ಈರೋಡ್ ಜಿಲ್ಲೆ

ಬೇಡ. ನಿಮ್ಮಲ್ಲಿ ಪೈಪಿನ ನೀರು ಗಡ್ಡೆ ಕಟ್ಟುವಷ್ಟು ಚಳಿ ಬೀಳುವುದಿಲ್ಲ. ಒಡೆದದ್ದು ಬಿಸಿಲಿಗೆ ಸತ್ತ ಪಿವಿಸಿಯಿಂದಲೋ, ಮೋಟಾರು ನಿಂತಾಗ ಹಿಂದಕ್ಕೆ ಹೊಡೆಯುವ ನೀರಿನ ಪೆಟ್ಟಿನಿಂದಲೋ ಇರಬೇಕು. ಮೋಟಾರು ನಿಲ್ಲಿಸಿದ ಕೂಡಲೇ ಪೈಪು ‘ದಡ್’ ಎಂದರೆ ಎರಡನೆಯದು. ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಸರಿಯಾಗಿ ಕೂರುತ್ತಿದೆಯೇ ನೋಡಿ, ಪೈಪಿಗೆ ಕ್ಲ್ಯಾಂಪು ಬಿಗಿ ಮಾಡಿ.

ಸೋಲಾರ್ ವಾಟರ್ ಹೀಟರ್ ಹಾಕಿಸಬೇಕು. ತಾಮ್ರದ ಪೈಪಿನ ಚಪ್ಪಟೆ ಪ್ಯಾನೆಲ್ ಬಾಳಿಕೆ ಬರುತ್ತದೆ ಎನ್ನುತ್ತಾರೆ ಒಬ್ಬರು, ಗಾಜಿನ ಕೊಳವೆಯದೇ ಸರಿ ಎನ್ನುತ್ತಾರೆ ಇನ್ನೊಬ್ಬರು. ಹಿಮ ಬೀಳುವ ಜಾಗಕ್ಕೆ ಯಾವುದು?
— ಉದಕಮಂಡಲ

ಬೇರೆಲ್ಲೇ ಆಗಿದ್ದರೂ ಇಬ್ಬರ ಮಾತನ್ನೂ ತೂಗಿ ನೋಡಬಹುದಿತ್ತು. ಊಟಿಗೆ ಗಾಜಿನ ಕೊಳವೆಯದೇ. ಚಪ್ಪಟೆ ಪ್ಯಾನೆಲ್ ಎಂದರೆ ಆಕಾಶಕ್ಕೆ ಮುಖ ಕೊಟ್ಟು ಮಲಗಿದ ಕಪ್ಪು ತಗಡು, ಅದರ ಬೆನ್ನಿಗೆ ಬೆರಳು ದಪ್ಪದ ತಾಮ್ರದ ಕೊಳವೆಗಳು. ಹಗಲು ಶಾಖ ಹಿಡಿಯಲು ಏನು ಅನುಕೂಲವೋ ರಾತ್ರಿ ಶಾಖ ಕಳೆಯಲೂ ಅದೇ ಅನುಕೂಲ. ಗಾಳಿ ಇನ್ನೂ 3–4 ಡಿಗ್ರಿ ಇರುವಾಗಲೇ ಅದರೊಳಗಿನ ನೀರು ಗಡ್ಡೆಯಾಗಬಲ್ಲದು. ಗಾಜಿನ ಕೊಳವೆಯಲ್ಲಿ ಎರಡು ಗೋಡೆಗಳ ನಡುವೆ ನಿರ್ವಾತವಿದೆ, ಫ್ಲಾಸ್ಕಿನಂತೆ. ಒಳಗಿನ ನೀರು ಬೆಳಗಿನವರೆಗೂ ಬೆಚ್ಚಗೇ ಇರುತ್ತದೆ.

ಆದರೆ ಗಾಜಿನದು ಹಾಕಿಸಿದವರ ಟ್ಯಾಂಕೂ ಕೆಲವೊಮ್ಮೆ ಒಳಕ್ಕೆ ನೆಗ್ಗುತ್ತದೆ. ಕಾರಣ ಟ್ಯಾಂಕಿನ ಮೇಲಿನ ಗಾಳಿ ಪೈಪು. ಬಿಸಿ ನೀರಿನ ಹಬೆ ಅದರ ಬಾಯಲ್ಲಿ ತಣಿದು, ಹನಿಯಾಗಿ, ಗಡ್ಡೆಯಾಗಿ ಬಾಯಿ ಕಟ್ಟುತ್ತದೆ. ತಣ್ಣೀರು ಬರುವ ಪೈಪೂ ಕಟ್ಟಿರುತ್ತದೆ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದಾಗ ನೀರು ಹೊರಗೆ ಬರುತ್ತದೆ, ಅದರ ಜಾಗಕ್ಕೆ ಗಾಳಿಯೂ ಇಲ್ಲ, ನೀರೂ ಇಲ್ಲ. ತೆಳು ತಗಡಿನ ಟ್ಯಾಂಕು ಹೊರಗಿನ ಗಾಳಿಯ ಒತ್ತಡಕ್ಕೆ ಡಬ್ಬದಂತೆ ನೆಗ್ಗುತ್ತದೆ. ಗಾಳಿ ಪೈಪು ಮುಕ್ಕಾಲು ಇಂಚಿಗಿಂತ ಸಣ್ಣದಿರಬಾರದು, ನೇರವಾಗಿ ಮೇಲೇರಬೇಕು, ಕೊನೆಯವರೆಗೂ ಫೋಮ್ ಇರಬೇಕು. ಹನಿ ನಿಲ್ಲುವಂಥ ತಗ್ಗು ಎಲ್ಲೂ ಬೇಡ.

ಚಪ್ಪಟೆ ಪ್ಯಾನೆಲ್ ಈಗಾಗಲೇ ಇದ್ದರೆ ಎರಡು ದಾರಿ. ಒಂದು, ಹಿಮದ ರಾತ್ರಿಗಳಲ್ಲಿ ಪ್ಯಾನೆಲಿಗೆ ಬರುವ ವಾಲ್ವ್ ಮುಚ್ಚಿ ಕೆಳಗಿನ ಹೆಡರಿನ (ಕೊಳವೆಗಳೆಲ್ಲ ಕೂಡುವ ಅಡ್ಡ ಪೈಪಿನ) ಪ್ಲಗ್ಗಿನಿಂದ ನೀರು ಇಳಿಸುವುದು. ಎರಡು, ಶಾಖ ವಿನಿಮಯದ ಸುರುಳಿ ಇರುವ ಟ್ಯಾಂಕಿಗೆ ಬದಲಾಯಿಸಿ, ಪ್ಯಾನೆಲಿನೊಳಗೆ ನೂರಕ್ಕೆ 30 ಭಾಗ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ನೀರು ಓಡಿಸುವುದು. ಅದು ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದರೂ ಕಟ್ಟುವುದಿಲ್ಲ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಸುರುಳಿ ತೂತಾದರೆ ಸ್ನಾನದ ನೀರಿಗೆ ಸೇರುತ್ತದೆ, ಬೇಡವೇ ಬೇಡ. ಗಾಜಿನ ಕೊಳವೆಯನ್ನು ಎಂದಾದರೂ ಖಾಲಿ ಮಾಡಿದರೆ ಸೂರ್ಯ ಹುಟ್ಟುವ ಮೊದಲೇ ತುಂಬಿಸಿ. ಕಾದ ಖಾಲಿ ಕೊಳವೆಗೆ ತಣ್ಣೀರು ಬಿದ್ದರೆ ‘ಪಟ್’ ಎಂದು ಸಿಡಿಯುತ್ತದೆ.

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರದಿದ್ದರೆ ಗೀಸರ್ ಹಾಕಿ ಪೈಪು ಬಿಸಿಯಾಗಲಿ ಎಂದು ಕಾಯುತ್ತೇವೆ. ಇದು ಸರಿಯೇ? ಕುದಿಯುವ ನೀರು ಸುರಿಯಬಹುದೇ?
— ಕೋತಗಿರಿ

ಗೀಸರ್ ಹಾಕಲೇಬೇಡಿ. ಈ ಸಂಚಿಕೆಯ ಎಲ್ಲ ಉತ್ತರಗಳಲ್ಲಿ ಜೀವಕ್ಕೆ ಹೆಚ್ಚು ಸಂಬಂಧಪಟ್ಟದ್ದು ಇದೇ. ಗೀಸರಿನ ಒಳದಾರಿ, ಹೊರದಾರಿ ಎರಡೂ ಗಡ್ಡೆ ಕಟ್ಟಿದ್ದರೆ ಕಾದು ಹಿಗ್ಗುವ ನೀರಿಗೆ ಜಾಗವಿಲ್ಲ. ಸೇಫ್ಟಿ ವಾಲ್ವ್ ಇದೆಯಲ್ಲ ಎನ್ನಬೇಡಿ, ಅದರ ಬಾಯೂ ಕಟ್ಟಿರಬಹುದು. ಬಿಸಿನೀರಿನ ನಲ್ಲಿಯಲ್ಲಿ ನೀರು ಸರಾಗವಾಗಿ ಬಂದ ಮೇಲೆಯೇ ಸ್ವಿಚ್ಚು. ನೀರು ಬಿಸಿ ಮಾಡುವ ತಾಮ್ರದ ಹಂಡೆ ಮನೆಯಲ್ಲಿದ್ದರೆ ಅವತ್ತಿನ ಸ್ನಾನ ಅದರಲ್ಲೇ ಆಗಲಿ.

ಕುದಿಯುವ ನೀರೂ ಬೇಡ. ಸೊನ್ನೆಯಲ್ಲಿರುವ ಪಿವಿಸಿಗೆ ಒಮ್ಮೆಲೇ ಅಷ್ಟು ಶಾಖ ತಗುಲಿದರೆ ಬಿರಿಯುತ್ತದೆ, ಇಲ್ಲವೇ ಮೆತ್ತಗಾಗಿ ಜೋಡಣೆ ಸಡಿಲುತ್ತದೆ. ಪಂಜು, ಬ್ಲೋ ಲ್ಯಾಂಪು, ಸೌದೆ ಕೊಳ್ಳಿ ಇವುಗಳ ಮಾತೇ ಇಲ್ಲ. ಮೊದಲು ನಲ್ಲಿ ತೆರೆದಿಡಿ. ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಬಟ್ಟೆ ಅದ್ದಿ ಪೈಪಿಗೆ ಸುತ್ತಿ, ಆರಿದಂತೆ ಬದಲಿಸಿ. ಕರೆಂಟು ಇದ್ದು ಪೈಪು ಒಣಗಿದ್ದರೆ ತಲೆಕೂದಲು ಒಣಗಿಸುವ ಡ್ರೈಯರ್ ಸಾಕು. ಶುರು ಮಾಡಬೇಕಾದದ್ದು ನಲ್ಲಿಯ ಕಡೆಯಿಂದ, ಟ್ಯಾಂಕಿನ ಕಡೆಗೆ ಸರಿಯುತ್ತ ಹೋಗಬೇಕು. ನಡುವಿನಿಂದ ಆರಂಭಿಸಿದರೆ ಕರಗಿದ ನೀರು ಎರಡು ಗಡ್ಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬಿಸಿಲು ಬೀಳುವ ಗೋಡೆಯಾದರೆ ಹತ್ತು ಗಂಟೆಯವರೆಗೆ ಸುಮ್ಮನೆ ಕಾಯುವುದೇ ಜಾಣತನ.

ಒಡೆದ ಪೈಪು ಗಡ್ಡೆ ಇರುವವರೆಗೆ ಸೋರುವುದಿಲ್ಲ, ಬಿರುಕಿಗೆ ಗಡ್ಡೆಯೇ ಬಿರಡೆ. ಕರಗುವ ಹೊತ್ತಿಗೆ ವಾಲ್ವಿನ ಪಕ್ಕದಲ್ಲೇ ಇರಿ. ಸೀಳಿದ್ದರೆ ಬಿರುಕು ಕಣ್ಣಿಗೆ ಕಾಣುವ ಜಾಗಕ್ಕಿಂತ ಎರಡೂ ಕಡೆ ನಾಲ್ಕು ಬೆರಳು ಆಚೆಗೆ ಕತ್ತರಿಸಿ ಹೊಸ ತುಂಡು ಹಾಕಿ. ಸಾಲ್ವೆಂಟ್ (ಪಿವಿಸಿ ಅಂಟಿಸುವ ಅಂಟು) ಚಳಿಯಲ್ಲಿ ನಿಧಾನವಾಗಿ ಹಿಡಿಯುತ್ತದೆ; ಮಧ್ಯಾಹ್ನ ಅಂಟಿಸಿ, ಒಂದು ದಿನ ನೀರಿನ ಒತ್ತಡ ಕೊಡಬೇಡಿ.

ಕ್ಯಾರೆಟ್ ತೋಟಕ್ಕೆ ಬೆಳಗಿನ ಜಾವ ಸ್ಪ್ರಿಂಕ್ಲರ್ ಬಿಡುತ್ತೇವೆ. ಒಂದು ದಿನ ಮೋಟಾರು ತಿರುಗದೆ ಗುಂಯ್‌ಗುಟ್ಟಿ ವೈಂಡಿಂಗ್ ಸುಟ್ಟಿತು. ಚಳಿಯದೇ ಕಾರಣವೇ?
— ಕೇತಿ ಕಣಿವೆ, ನೀಲಗಿರಿ

ಹೌದು ಎನ್ನಲು ಎಲ್ಲ ಲಕ್ಷಣಗಳೂ ಇವೆ. ಮೊನೊಬ್ಲಾಕ್ ಪಂಪಿನ ಬೀಡುಕಬ್ಬಿಣದ ಕೇಸಿಂಗಿನಲ್ಲಿ ನಿಂತ ನೀರು ಗಡ್ಡೆಯಾದರೆ ಇಂಪೆಲ್ಲರ್ (ನೀರು ತಳ್ಳುವ ಒಳಗಿನ ಚಕ್ರ) ಕಚ್ಚಿಕೊಳ್ಳುತ್ತದೆ. ತಿರುಗಲಾಗದ ಮೋಟಾರು ಎಷ್ಟೋ ಪಟ್ಟು ಕರೆಂಟು ಎಳೆದು ಸುಡುತ್ತದೆ. ಕೇಸಿಂಗೂ ಸೀಳಿದೆಯೇ ನೋಡಿಸಿ. ಇನ್ನು ಮುಂದೆ ಮೇನ್ ಸ್ವಿಚ್ ಆರಿಸಿಕೊಂಡು, ಹಿಂಬದಿಯ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿದ ಮೇಲೆಯೇ ಮೋಟಾರು ಹಾಕಿ. ಅರ್ಧ ನಿಮಿಷದ ಕೆಲಸ.

ಪಂಪಿನ ಹೊಟ್ಟೆಯ ಕೆಳಗೆ ಒಂದು ಡ್ರೈನ್ ಪ್ಲಗ್ ಇರುತ್ತದೆ. ರಾತ್ರಿ ಅದನ್ನು ಬಿಚ್ಚಿ, ಮೇಲಿನ ಪ್ರೈಮಿಂಗ್ ಪ್ಲಗ್ಗನ್ನೂ (ಪಂಪಿಗೆ ನೀರು ತುಂಬುವ ಬಾಯಿ) ಸಡಿಲಿಸಿದರೆ ಕೇಸಿಂಗ್ ಖಾಲಿ. ಪ್ಲಗ್ಗನ್ನು ದಾರಕ್ಕೆ ಕಟ್ಟಿ ಪಂಪಿಗೇ ತೂಗುಹಾಕಿ, ಕತ್ತಲಲ್ಲಿ ಹುಲ್ಲಿನಲ್ಲಿ ಹುಡುಕುವ ಪಾಡು ತಪ್ಪುತ್ತದೆ. ಡೆಲಿವರಿ ಪೈಪಿನಲ್ಲಿ ಎನ್‌ಆರ್‌ವಿ ಇದ್ದರೆ ಅದರ ಮೇಲಿನ ನೀರು ಇಳಿಯುವುದಿಲ್ಲ. ಎನ್‌ಆರ್‌ವಿಯ ಮೇಲ್ಗಡೆ ಅರ್ಧ ಇಂಚಿನ ಕಾಕ್ ಕೂರಿಸಿ ಅಲ್ಲಿಂದ ಬಿಡಿ. ಬೆಳಿಗ್ಗೆ ಮತ್ತೆ ಪ್ರೈಮ್ ಮಾಡಲು ಒಂದು ಕೊಡ ನೀರನ್ನು ಶೆಡ್ಡಿನ ಒಳಗಿಡಿ.

ಸ್ಪ್ರಿಂಕ್ಲರ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಬೆಳೆ ಉಳಿಸಲು ನೀರು ಬಿಡುವುದಾದರೆ ಎಲೆ ಸೊನ್ನೆಗೆ ಬರುವ ಮೊದಲೇ ಶುರು ಮಾಡಿ, ಬಿಸಿಲಿಗೆ ಗಡ್ಡೆ ಕರಗುವವರೆಗೆ ನಿಲ್ಲಿಸಬಾರದು. ಎಲೆಗೆ ಶಾಖ ಸಿಗುವುದು ನೀರು ಗಡ್ಡೆಯಾಗುವ ಹೊತ್ತಿನಲ್ಲಿ. ನಡುವೆ ನಿಂತರೆ ಒದ್ದೆ ಎಲೆಯ ನೀರು ಆರುತ್ತ ಇನ್ನಷ್ಟು ಶಾಖ ಕೀಳುತ್ತದೆ, ಬಿಡದಿದ್ದರೇ ಚೆನ್ನಾಗಿತ್ತು ಎನಿಸುತ್ತದೆ.

ಮಗ, ಸೊಸೆ ಕೆನಡಾದ ಕ್ಯಾಲ್ಗರಿಯಲ್ಲಿ ಮನೆ ತೆಗೆದುಕೊಂಡಿದ್ದಾರೆ. ಜನವರಿಯಲ್ಲಿ ಐದು ವಾರ ಊರಿಗೆ ಬರುತ್ತಾರೆ. ಅಲ್ಲಿ ನೀರಿನ ಪೈಪು ಒಡೆದು ಮನೆಯೇ ಹಾಳಾದೀತು ಎಂದು ಯಾರೋ ಹೆದರಿಸಿದ್ದಾರೆ. ಏನು ಮಾಡಿ ಹೊರಡಬೇಕು?
— ಪೆರ್ಲ, ಕಾಸರಗೋಡು

ಹೆದರಿಸಿದವರು ಸುಳ್ಳು ಹೇಳಿಲ್ಲ. ಅಲ್ಲಿ ಸೊನ್ನೆಗಿಂತ 20–30 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ, ಬೀದಿಯ ನೀರಿನ ಪೈಪನ್ನು 2 ಮೀಟರಿಗೂ ಹೆಚ್ಚು ಆಳದಲ್ಲಿ ಹೂಳುತ್ತಾರೆ. ಮನೆಯೊಳಗಿನ ಪೈಪು ಉಳಿದಿರುವುದು ಮನೆಯ ಹೀಟಿಂಗಿನಿಂದ ಮಾತ್ರ. ಅದು ಕೆಟ್ಟರೆ ನಿಮ್ಮ ಮಗ ಪೆರ್ಲದಲ್ಲಿ ಊಟಕ್ಕೆ ಕೂತಿರುವಾಗ ಅಲ್ಲಿ ಪೈಪು ಸೀಳುತ್ತದೆ, ಕರಗಿದ ದಿನ ಬೀದಿಯ ನೀರೆಲ್ಲ ಮನೆಯೊಳಗೆ.

ಆದ್ದರಿಂದ ಮೊದಲ ಕೆಲಸ ನೆಲಮಾಳಿಗೆಯಲ್ಲಿ ಮೀಟರಿನ ಪಕ್ಕ ಇರುವ ಮುಖ್ಯ ವಾಲ್ವ್ ಮುಚ್ಚುವುದು. ಆಮೇಲೆ ಮೇಲಿನ ಮಹಡಿಯಿಂದ ಕೆಳಗಿನವರೆಗೆ ನಲ್ಲಿಗಳನ್ನೆಲ್ಲ ತೆರೆದು ಒತ್ತಡ ಇಳಿಸಿ, ಫ್ಲಶ್ ಎಳೆದು ಖಾಲಿ ಮಾಡಬೇಕು. ಮನೆ ಬಿಸಿನೀರಿನ ಬಾಯ್ಲರಿನಿಂದ ಬೆಚ್ಚಗಾಗುವಂಥದ್ದಾದರೆ ಅಥವಾ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದ್ದರೆ ವಾಲ್ವ್ ಮುಟ್ಟುವ ಮೊದಲು ಅಲ್ಲಿನ ಪ್ಲಂಬರನ್ನು ಕೇಳಲಿ. ಥರ್ಮೋಸ್ಟ್ಯಾಟನ್ನು ಆರಿಸಬಾರದು, 13 ಡಿಗ್ರಿಗಿಂತ ಕೆಳಗೆ ಇಡಲೂಬಾರದು. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿರಲಿ, ಮನೆಯ ಬೆಚ್ಚನೆ ಗಾಳಿ ಪೈಪಿಗೆ ತಾಗುತ್ತದೆ.

ಅಂಗಳದ ನಲ್ಲಿಯಲ್ಲಿ ಜನ ಎಡವುವುದು ಹೆಚ್ಚು. ಅದರ ವಾಲ್ವ್ ಒಳಗೆ ಇರುತ್ತದೆ. ಅದನ್ನು ಮುಚ್ಚಿ ಹೊರಗಿನದನ್ನು ತೆರೆದೇ ಬಿಡಬೇಕು. ಹಿಮಕ್ಕೆ ತಡೆಯುವ ಉದ್ದ ಕಾಂಡದ ನಲ್ಲಿಯೇ ಆದರೂ ತೋಟದ ಹೋಸ್ ಸಿಕ್ಕಿಸಿಟ್ಟಿದ್ದರೆ ಒಳಗಿನ ನೀರು ಇಳಿಯುವುದಿಲ್ಲ, ಗೋಡೆಯೊಳಗೇ ಸೀಳುತ್ತದೆ. ಅಕ್ಟೋಬರಿನಲ್ಲೇ ಹೋಸ್ ಬಿಚ್ಚುವುದು ಅಲ್ಲಿಯವರ ರೂಢಿ.

ವಿಮೆಯ ಕಾಗದವನ್ನೊಮ್ಮೆ ಓದಲಿ. ಚಳಿಗಾಲದಲ್ಲಿ ಮನೆ ಖಾಲಿ ಬಿಟ್ಟರೆ ಯಾರಾದರೂ ಆಗಾಗ ಬಂದು ನೋಡಿರಬೇಕು, ಇಲ್ಲವೇ ನೀರು ಮುಚ್ಚಿರಬೇಕು ಎಂಬ ಷರತ್ತು ಅಲ್ಲಿನ ಹಲವು ಪಾಲಿಸಿಗಳಲ್ಲಿದೆ. ನಂಬಿಕಸ್ಥ ಸ್ನೇಹಿತರಿಗೆ ಬೀಗದ ಕೈ ಕೊಟ್ಟು, ವಾಲ್ವ್ ಎಲ್ಲಿದೆ ಎಂದು ತೋರಿಸಿ ಬರಲಿ.

ನಮ್ಮದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಗುಡ್ಡದಿಂದ ಮನೆಗೆ 150 ಮೀಟರ್ ಕಪ್ಪು ಪೈಪು, ಮುರಕಲ್ಲಿನ ಮೇಲೆಯೇ ಹಾಸಿದೆ. ಏಪ್ರಿಲಿನಲ್ಲಿ ಮಧ್ಯಾಹ್ನ ನಲ್ಲಿ ಬಿಟ್ಟರೆ ಕೈ ಸುಡುತ್ತದೆ. ಚಳಿಗೆ ಹಾಕುವ ಫೋಮ್ ಬಿಸಿಲಿಗೂ ಆಗುತ್ತದೆಯೇ?
— ಬದಿಯಡ್ಕ, ಕಾಸರಗೋಡು

ಆಗುತ್ತದೆ, ಆದರೆ 150 ಮೀಟರಿಗೆ ಅದು ದುಡ್ಡು ಚೆಲ್ಲಿದಂತೆ. ನೀರು ಪೈಪಿನಲ್ಲಿ ಗಂಟೆಗಟ್ಟಲೆ ನಿಂತರೆ ಫೋಮಿನೊಳಗೂ ಕಾಯುತ್ತದೆ, ಅದು ಇಲ್ಲೂ ಕೊಡುವುದು ಸಮಯವನ್ನೇ. ಒಂದು ಅಡಿ ಆಳ ಮಣ್ಣಿನಲ್ಲಿ ಹೂಳಿ. ಮುರಕಲ್ಲು ಅಗೆಯಲಾಗದ ಕಡೆ ಪೈಪಿನ ಮೇಲೆ ಅರ್ಧ ಅಡಿ ಮಣ್ಣು ಏರಿಸಿ ಅಡಿಕೆ ಸೋಗೆ ಹೊದಿಸಿ, ಪ್ರತಿ ಮಳೆಗಾಲದ ನಂತರ ಮಣ್ಣು ಕೊಚ್ಚಿದಲ್ಲಿ ಮತ್ತೆ ತುಂಬಿಸಿ. ಪೈಪು ಏರಿ ಇಳಿಯುವ ಕಡೆ, ಎತ್ತರದ ಜಾಗದಲ್ಲಿ ಗಾಳಿ ಬಿಡಲು ಒಂದು ಟೀ ಮತ್ತು ಕಾಕ್ ಇಟ್ಟ ಮೇಲೆಯೇ ಹೂಳಿ. ಗಾಳಿ ಸಿಕ್ಕಿಕೊಂಡು ನೀರು ನಿಂತರೆ ಎಲ್ಲಿ ಅಗೆಯಬೇಕೆಂದು ಆಮೇಲೆ ಗೊತ್ತಾಗುವುದಿಲ್ಲ.